ಸಿಂಧನೂರಿನಲ್ಲಿ ಸಂಜೆ ದೀಪ ಹಾಕಿದರೆ ಮನೆ ತುಂಬಾ ಹುಳ. ಗೋಡೆಗೆ ಎಣ್ಣೆ ಹೊಡೆಸಬಹುದಾ?

ಸಾಗರದ ಕಡೆಯವಳು

ಎಲ್ಲರಿಗೂ ನಮಸ್ಕಾರ. ಮನೆಯವರಿಗೆ ವರ್ಗವಾಗಿ ಈ ಬೇಸಿಗೆಯಲ್ಲಿ ಸಿಂಧನೂರಿಗೆ ಬಂದೆವು. ಗಂಗಾವತಿ ರಸ್ತೆಯಲ್ಲಿ, ಊರು ಮುಗಿದು ಗದ್ದೆ ಶುರುವಾಗುವ ಕಡೆ ಬಾಡಿಗೆ ಮನೆ. ಬಿಸಿಲು ಒಂದು ಬಿಟ್ಟರೆ ಊರು ನನಗೆ ಹಿಡಿಸಿದೆ. ಅಕ್ಕಪಕ್ಕದವರು ಒಳ್ಳೆಯವರು. ಆದರೆ ದಸರಾ ಮುಗಿದ ಮೇಲೆ ಹುಳಗಳ ಕಾಟ ಶುರುವಾಗಿದೆ. ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಸಂಜೆ ಆರೂವರೆಗೆ ದೀಪ ಹಾಕಿದ ತಕ್ಷಣ ನಾಲ್ಕೈದು ಬರುತ್ತವೆ. ಏಳು ಗಂಟೆ ಹೊತ್ತಿಗೆ ಟ್ಯೂಬ್‌ಲೈಟ್ ಸುತ್ತ ಗೋಡೆಯ ಬಣ್ಣ ಕಾಣುವುದಿಲ್ಲ. ಬಾಗಿಲು ಹಾಕಿದರೆ ಬಾಗಿಲ ಕೆಳಗಿನ ಸಂದಿಯಿಂದ ಬರುತ್ತವೆ. ಕಿಟಕಿ ಹಾಕಿದರೆ ಸೆಕೆಗೆ ಮಗು ಅಳುತ್ತೆ. ಸಾರಿನ ಪಾತ್ರೆಯ ಮುಚ್ಚಳ ತೆಗೆಯುವ ಹಾಗಿಲ್ಲ. ನಾವು ಈಗ ಕತ್ತಲಾಗುವ ಮೊದಲೇ ಅಡುಗೆ ಮುಗಿಸಿ, ಅಡುಗೆಮನೆ ದೀಪ ಆರಿಸಿ, ಹಾಲ್‌ನಲ್ಲಿ ಮೊಬೈಲ್ ಬೆಳಕಲ್ಲಿ ಊಟ ಮಾಡುತ್ತೇವೆ. ಬೆಳಿಗ್ಗೆ ಕಸ ಗುಡಿಸಿದರೆ ಮೊರದ ತುಂಬಾ ಸತ್ತ ಹುಳ.

ನಮ್ಮ ಕಡೆಯೂ ಮೊದಲ ಮಳೆ ಬಿದ್ದ ಸಂಜೆ ಮಳೆಹುಳ ಏಳುತ್ತವೆ. ದೊಡ್ಡ ರೆಕ್ಕೆಯವು, ಗೆದ್ದಲಿನವು. ಒಂದೆರಡು ಸಂಜೆ ಹಾರಿ, ರೆಕ್ಕೆ ಉದುರಿಸಿ ಹೋಗಿಬಿಡುತ್ತವೆ. ಇವು ಅವಲ್ಲ. ಮಳೆ ನಿಂತು ಎಷ್ಟೋ ದಿನವಾದ ಮೇಲೆ ಬಂದಿವೆ, ದಿನಾ ಬರುತ್ತಿವೆ.

ನಾನು ಕೂತು ನೋಡಿದ್ದೇನೆ. ಮೂರು ಥರ ಇವೆ. ಜಾಸ್ತಿ ಇರುವುದು ಕಂದು ಬಣ್ಣದ್ದು, ಜೀರಿಗೆ ಕಾಳಿನಷ್ಟು. ಬೆರಳು ಹತ್ತಿರ ತಂದರೆ ಟಪ್ ಅಂತ ಜಿಗಿಯುತ್ತೆ. ಇನ್ನೊಂದು ಅಷ್ಟೇ ದೊಡ್ಡದು, ಆದರೆ ಎಳೆ ಹಸಿರು, ಕೆಲವಕ್ಕೆ ರೆಕ್ಕೆಯ ತುದಿ ಕಪ್ಪು. ಮೂರನೆಯದು ಕಡಿಮೆ. ಉದ್ದಕ್ಕಿದೆ, ತಲೆ ಕಪ್ಪು, ಮೈ ಕಿತ್ತಳೆ ಕೆಂಪು, ನಡುವೆ ನೀಲಿ ಪಟ್ಟಿ. ಹಿಂಬದಿ ಎತ್ತಿಕೊಂಡು ಗೋಡೆ ಮೇಲೆ ಓಡುತ್ತೆ.

ಈಗ ವಿಷಯ ಏನೆಂದರೆ, ಮನೆ ಮಾಲೀಕರು ಒಳ್ಳೆಯ ಮನಸ್ಸಿಂದಲೇ ಒಂದು ಉಪಾಯ ಹೇಳಿದ್ದಾರೆ. ಗದ್ದೆಗೆ ಹೊಡೆಯುವ ಎಣ್ಣೆಯನ್ನೇ, ಅಂದರೆ ಕೀಟನಾಶಕವನ್ನೇ, ನೀರಿಗೆ ಹಾಕಿ ಪಂಪಿನಿಂದ ಕಿಟಕಿ, ಬಾಗಿಲು, ಹಾಲ್ ಗೋಡೆಗೆಲ್ಲ ಹೊಡೆಸುತ್ತಾರಂತೆ. ಭಾನುವಾರ ಆಳು ಬರುತ್ತಾನೆ. ಮಗಳಿಗೆ ಎರಡು ವರ್ಷ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಬೇಡ ಅನ್ನೋಕೆ ನನ್ನ ಹತ್ತಿರ ಕಾರಣ ಇಲ್ಲ, ಹೆದರಿಕೆ ಮಾತ್ರ ಇದೆ. ಈ ಕಡೆಯವರು ದಯವಿಟ್ಟು ಹೇಳಿ. ಇವು ಯಾವ ಹುಳ? ಕಚ್ಚುತ್ತವಾ? ಎಷ್ಟು ದಿನ ಇರುತ್ತವೆ?

ವಗ್ಗರಣಿ ಬಂಡಿ

ಅಕ್ಕಾವ್ರೆ, ಕುಷ್ಟಗಿ ರಸ್ತೆಯಲ್ಲಿ ನಂದು ವಗ್ಗರಣಿ, ಮಿರ್ಚಿ ಬಂಡಿ. ಈ ಹುಳದ ಜೊತೆ ಪ್ರತಿ ವರ್ಷ ವ್ಯಾಪಾರ ಮಾಡುವವನು ನಾನು. ಕಾದ ಎಣ್ಣೆ ಬಾಣಲೆ ತೆರೆದಿಟ್ಟುಕೊಂಡು ನಿಂತಿರುತ್ತೇನೆ, ನನಗಿಂತ ಜಾಸ್ತಿ ಯಾರಿಗೆ ಗೊತ್ತಿರುತ್ತೆ ಹೇಳಿ.

ದೀಪ ಬದಲಿಸಿ. ನಾನು ಬಂಡಿಯ ಮೇಲಿದ್ದ ಬಿಳಿ ಎಲ್‌ಇಡಿ ತೆಗೆದು ಹಳದಿ ಬಲ್ಬ್ ಹಾಕಿದೆ, ಅದೂ ಚಿಕ್ಕದು. ಬಿಳಿ ಬಲ್ಬನ್ನು ವೈರ್ ಎಳೆದು ಹದಿನೈದು ಅಡಿ ದೂರದ ಕಂಬಕ್ಕೆ ಕಟ್ಟಿದೆ. ಹುಳ ಮುಕ್ಕಾಲು ಪಾಲು ಅಲ್ಲಿಗೇ ಹೋಗುತ್ತವೆ. ನನ್ನ ಬಾಣಲೆ ಮೇಲೆ ಬರುವುದು ಬಹಳ ಕಡಿಮೆ. ನೀವೂ ಮನೆಯೊಳಗೆ ಹಳದಿ ಹಾಕಿ, ಹೊರಗೆ ಕಾಂಪೌಂಡ್ ಮೂಲೆಯಲ್ಲಿ ಬಿಳಿ ಬಲ್ಬ್ ಹಾಕಿ. ಬಾಗಿಲ ನೇರಕ್ಕೆ ಮಾತ್ರ ಬೇಡ.

ಇನ್ನೊಂದು. ಇವುಗಳ ಜೋರು ಕತ್ತಲಾಗುವ ಹೊತ್ತಲ್ಲಿ. ಆರೂವರೆಯಿಂದ ಎಂಟು, ಎಂಟೂವರೆ. ಆಮೇಲೆ ತಾನಾಗಿಯೇ ಕಡಿಮೆ. ಈ ದಿನಗಳಲ್ಲಿ ನಾನು ಮಧ್ಯಾಹ್ನ ಮೂರೂವರೆಗೇ ಬಂಡಿ ಹಚ್ಚುತ್ತೇನೆ, ಕತ್ತಲಾಗುವಾಗ ಕರಿಯುವುದು ನಿಲ್ಲಿಸಿ ಎಲ್ಲ ಮುಚ್ಚುತ್ತೇನೆ, ಒಂಬತ್ತಕ್ಕೆ ಮತ್ತೆ ಒಲೆ ಹಚ್ಚುತ್ತೇನೆ. ಗಿರಾಕಿಗಳೂ ರೂಢಿಯಾಗಿದ್ದಾರೆ.

ನಿಮ್ಮ ಮನೆಯವರು ಬೈಕ್‌ನಲ್ಲಿ ಓಡಾಡುತ್ತಾರಾ? ಸಂಜೆ ಗಾಜು ಇರುವ ಹೆಲ್ಮೆಟ್ ಹಾಕಲೇಬೇಕು. ಗದ್ದೆ ಪಕ್ಕದ ರಸ್ತೆಯಲ್ಲಿ ಕಣ್ಣಿಗೆ ಬಿದ್ದರೆ ಬ್ರೇಕ್ ಹಿಡಿಯುವುದರೊಳಗೆ ಅನಾಹುತ ಆಗುತ್ತೆ. ನಮ್ಮ ಬಂಡಿ ಮುಂದೆಯೇ ಎಷ್ಟೋ ಜನ ಗಾಡಿ ನಿಲ್ಲಿಸಿ ಕಣ್ಣು ತೊಳೆದುಕೊಂಡು ಹೋಗುತ್ತಾರೆ. ನೀರಿನ ಜಗ್ ಅದಕ್ಕೇ ಇಟ್ಟಿದ್ದೇನೆ.

ಎಣ್ಣೆ ಹೊಡೆಸೋ ವಿಷಯ ರೈತರು ಯಾರಾದರೂ ಹೇಳಲಿ.

ಕಾಲುವೆ ಕೊನೆಯ ಗದ್ದೆ

ಅಕ್ಕ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಹೊಡೆಸಬೇಡಿ. ಭಾನುವಾರ ಆಳು ಬಂದರೂ ವಾಪಸ್ ಕಳಿಸಿ.

ನಾನು ಕಾರಟಗಿ ಹತ್ತಿರ ನೆಲ್ಲು ಬೆಳೆಯುವವನು. ಆ ಎಣ್ಣೆ ಬಯಲಿಗೆ ಮಾಡಿದ್ದು. ಬಿಸಿಲು, ಗಾಳಿ, ಮಳೆ ಇರುವ ಕಡೆ ಅದು ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ. ಮನೆಯೊಳಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಗೋಡೆಗೆ ಹತ್ತಿದ್ದು ಗೋಡೆಯಲ್ಲೇ ಉಳಿಯುತ್ತದೆ. ಎರಡು ವರ್ಷದ ಮಗು ಗೋಡೆ ಹಿಡಿದುಕೊಂಡು ನಡೆಯುತ್ತೆ, ಆ ಕೈಯನ್ನೇ ಬಾಯಿಗೆ ಹಾಕುತ್ತೆ. ಮಾಲೀಕರಿಗೆ ಡಬ್ಬಿ ತೋರಿಸಲು ಹೇಳಿ. ಅದರ ಮೇಲೆ ಒಂದು ಬಣ್ಣದ ಗುರುತು ಇರುತ್ತದೆ. ಕೆಂಪು ಅಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಅದು ಬೆಳೆಗೆ ಅಂತ ಮಾಡಿದ್ದೇ, ಮನೆಗಲ್ಲ. ನಿಮಗೆ ಕಾರಣ ಬೇಕಿತ್ತಲ್ವಾ, ಇದು ಸಾಕು.

ಹೊಡೆದರೂ ಉಪಯೋಗ ಇಲ್ಲ. ಇವತ್ತು ನಿಮ್ಮ ಗೋಡೆ ಮೇಲಿನವು ಸಾಯುತ್ತವೆ. ನಾಳೆ ಗದ್ದೆಯಿಂದ ಮತ್ತೊಂದು ದಂಡು ಬರುತ್ತದೆ.

ನೀವು ಹೇಳಿದ ಕಂದು ಹುಳ ಕಂದು ಜಿಗಿಹುಳ. ನಮ್ಮ ಕ್ಯಾಂಪ್‌ಗಳಲ್ಲಿ ತೆಲುಗಿನವರು ಸುಡಿದೋಮ ಅನ್ನುತ್ತಾರೆ. ಹಸಿರಿನದು ಹಸಿರು ಜಿಗಿಹುಳ. ಎರಡೂ ಭತ್ತದ ರಸ ಕುಡಿದು ಬದುಕುವವು. ಮನುಷ್ಯರ ರಕ್ತಕ್ಕೆ ಬರುವುದಿಲ್ಲ. ಮೈಮೇಲೆ ಕೂತಾಗ ಒಮ್ಮೊಮ್ಮೆ ಚುರ್ ಅನ್ನಬಹುದು, ಅಷ್ಟೇ. ಸಾರಿಗೆ ಬಿದ್ದರೆ ತೆಗೆದುಹಾಕಿ, ವಿಷ ಏನೂ ಇಲ್ಲ.

ಯಾಕೆ ಈಗಲೇ ಬರುತ್ತವೆ ಅಂದರೆ, ತುಂಗಭದ್ರಾ ಎಡದಂಡೆ ಕಾಲುವೆಗೆ ಜುಲೈ ಹೊತ್ತಿಗೆ ನೀರು ಬಿಡುತ್ತಾರೆ. ಗಂಗಾವತಿ, ಕಾರಟಗಿ, ಸಿಂಧನೂರು, ಎಲ್ಲ ಕಡೆ ಹೆಚ್ಚುಕಡಿಮೆ ಒಟ್ಟಿಗೇ ನಾಟಿ. ಹಾಗಾಗಿ ಎಲ್ಲರ ಬೆಳೆಯೂ ಒಟ್ಟಿಗೇ ಹಣ್ಣಾಗುತ್ತದೆ. ಈ ಹುಳ ನೀರಿನ ಹತ್ತಿರ, ದಂಟಿನ ಬುಡದಲ್ಲಿ ಇರುತ್ತದೆ. ಮೇಲಿನಿಂದ ನೋಡಿದರೆ ಗದ್ದೆ ಹಸಿರಾಗಿಯೇ ಕಾಣುತ್ತೆ. ಬುಡದಲ್ಲಿ ಮೂರು, ನಾಲ್ಕು ವಾರಕ್ಕೊಂದು ತಲೆಮಾರು ಹುಟ್ಟುತ್ತಿರುತ್ತದೆ. ಇದರಲ್ಲಿ ಎರಡು ರೂಪ. ಬೆಳೆ ಎಳೆಯದಿದ್ದು ರಸ ಚೆನ್ನಾಗಿದ್ದಾಗ ಗಿಡ್ಡ ರೆಕ್ಕೆಯವು ಹುಟ್ಟುತ್ತವೆ. ಅವು ಹಾರುವುದಿಲ್ಲ, ಅಲ್ಲೇ ಮೊಟ್ಟೆ ಇಟ್ಟುಕೊಂಡು ಇರುತ್ತವೆ. ಬುಡದಲ್ಲಿ ಹುಳ ಕಿಕ್ಕಿರಿದಾಗ, ಬೆಳೆ ಬಲಿತು ರಸ ಬತ್ತಿದಾಗ ಉದ್ದ ರೆಕ್ಕೆಯವು ಹುಟ್ಟುತ್ತವೆ. ಹೊಸ ಬೆಳೆ ಹುಡುಕಿಕೊಂಡು ಕತ್ತಲಾಗುವ ಹೊತ್ತಿಗೆ ಏಳುತ್ತವೆ. ನಿಮ್ಮ ಟ್ಯೂಬ್‌ಲೈಟ್ ಸುತ್ತ ಇರುವವು ಅವೇ, ಗದ್ದೆ ಬಿಟ್ಟು ಹೊರಟವು.

ಆದ್ದರಿಂದ ನಿಮಗೆ ಕಾಟವಾಗಿ ಕಾಣುವುದು ನಮಗೆ ಸುದ್ದಿ. ನಮ್ಮಪ್ಪ ಸಂಜೆ ಚಹಾಕ್ಕೆ ಹೋದಾಗ ಹೋಟೆಲ್ ದೀಪದ ಕೆಳಗೆ ನೆಲ ನೋಡುತ್ತಾರೆ. ಕಂದು ಹುಳ ಜಾಸ್ತಿ ಬಿದ್ದಿದ್ದರೆ ಮನೆಗೆ ಬಂದು ಒಂದೇ ಮಾತು, ನಾಳೆ ಬೆಳಿಗ್ಗೆ ಗದ್ದೆಗಿಳಿದು ಬುಡ ಬಿಡಿಸಿ ನೋಡು. ದೀಪದಲ್ಲಿ ಕಂಡ ಮೇಲೂ ಬುಡ ನೋಡದವನ ಗದ್ದೆಯಲ್ಲಿ ವಾರ, ಹತ್ತು ದಿನದಲ್ಲಿ ಅಲ್ಲಲ್ಲಿ ಗುಂಡಗೆ ಹಳದಿ ಕಲೆ ಏಳುತ್ತದೆ. ಆಮೇಲೆ ಒಣಗಿ ಸುಟ್ಟ ಹಾಗೆ ಆಗುತ್ತದೆ. ತೆನೆ ಇರುತ್ತದೆ, ಒಳಗೆ ಕಾಳು ಇರುವುದಿಲ್ಲ. ಸಾಲ ತಂದು ಹಾಕಿದ ಬೆಳೆ ಕೊಯ್ಲಿಗೆ ಎರಡು ವಾರ ಇರುವಾಗ ಹಾಗೆ ಬೀಳುವುದನ್ನು ನೋಡುವ ಸಂಕಟ ಯಾರಿಗೂ ಬೇಡ.

ಇಲ್ಲಿ ನನಗೆ ಇನ್ನೊಂದು ಹೇಳಬೇಕು. ನೀವು ಕೇಳಿದ್ದಲ್ಲ, ಆದರೆ ಬಿಡಲಾರೆ. ಹುಳ ಇಷ್ಟು ಜಾಸ್ತಿ ಆಗುವುದರಲ್ಲಿ ನಮ್ಮ ರೈತರ ಕೈಯೂ ಇದೆ. ನಾಟಿ ಮಾಡಿ ತಿಂಗಳಾಗುವುದರೊಳಗೆ ಅಂಗಡಿಯವರು ಕೊಟ್ಟ ಸೈಪರ್‌ಮೆಥ್ರಿನ್ ಜಾತಿಯ ಎಣ್ಣೆ ಹೊಡೆಯುತ್ತೇವೆ. ಅದು ಮೊದಲು ಕೊಲ್ಲುವುದು ಜೇಡನನ್ನು. ಜಿಗಿಹುಳ ಮೊಟ್ಟೆ ಇಡುವುದು ಎಲೆಯ ಕವಚದೊಳಗೆ, ಅಲ್ಲಿಗೆ ಎಣ್ಣೆ ತಲುಪುವುದಿಲ್ಲ. ಮೊಟ್ಟೆ ಒಡೆದು ಮರಿ ಹೊರಗೆ ಬಂದಾಗ ತಿನ್ನುವ ಜೇಡ ಇಲ್ಲ. ಜೊತೆಗೆ ಪಕ್ಕದವನು ಎರಡು ಚೀಲ ಯೂರಿಯಾ ಹಾಕಿದ ಅಂತ ನಾವು ಮೂರು ಚೀಲ ಹಾಕುತ್ತೇವೆ. ಗಿಡ ಮೆತ್ತಗಾಗಿ, ಒತ್ತಾಗಿ ಬೆಳೆಯುತ್ತದೆ. ಹುಳಕ್ಕೆ ಬೇಕಾದದ್ದೂ ಅದೇ.

ನಾವು ಈಗ ನಾಟಿಯಲ್ಲೇ ಎರಡು ಮೂರು ಮೀಟರಿಗೆ ಒಂದರಂತೆ ಅಡಿ ಅಗಲದ ದಾರಿ ಬಿಡುತ್ತೇವೆ. ಗಾಳಿ, ಬೆಳಕು ಬುಡಕ್ಕೆ ಹೋಗುತ್ತದೆ. ಹುಳ ಕಂಡರೆ ನೀರು ಬಸಿದು ಕೆಲವು ದಿನ ಒಣಗಲು ಬಿಡುತ್ತೇವೆ. ಒಂದು ಬುಡದಲ್ಲಿ ಹತ್ತರ ಹತ್ತಿರ ಹುಳ ಕಂಡರೆ ಮಾತ್ರ ಎಣ್ಣೆ, ಅದೂ ಆ ದಾರಿಯಲ್ಲಿ ನಡೆದು ಬುಡಕ್ಕೆ. ತೆನೆ ಮೇಲೆ ಹೊಡೆದರೆ ಹುಳಕ್ಕೆ ತಾಕುವುದೇ ಇಲ್ಲ. ಜಾಗ ಹಾಳು ಮಾಡುತ್ತಾನೆ ಅಂತ ಚಿಕ್ಕಪ್ಪ ಮೊದಮೊದಲು ಜಗಳ ಮಾಡಿದರು. ಈಗ ಅವರೂ ಬಿಡುತ್ತಾರೆ.

ನವೆಂಬರ್ ಕೊನೆಗೆ ಕೊಯ್ಲು ಮಷೀನ್ ಬರುತ್ತವೆ. ಆ ನಾಲ್ಕೈದು ದಿನ ಹುಳ ಇನ್ನೂ ಜಾಸ್ತಿ ಕಾಣಬಹುದು, ಇದ್ದ ಜಾಗ ಹೋಯಿತಲ್ಲ. ಕೊಯ್ಲು ಮುಗಿದ ಮೇಲೆ ನಿಲ್ಲುತ್ತವೆ. ನೀವು ಹೇಳಿದ ಮೂರನೇ ಹುಳ ಬೇರೆ, ಅದನ್ನು ಮಾತ್ರ ಬರಿಗೈಯಿಂದ ಹೊಸಕಬೇಡಿ. ಗೊತ್ತಿರುವವರು ಹೇಳುತ್ತಾರೆ.

ಸಾಗರದ ಕಡೆಯವಳು

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಬಹಳ ಉಪಕಾರ. ನಿಮ್ಮ ಉತ್ತರ ಓದಿ ಮನೆಯವರಿಗೂ ಓದಿಸಿದೆ. ದಿನಾ ಗುಡಿಸಿ ಎಸೆಯುತ್ತಿದ್ದದ್ದು ಯಾರದೋ ಗದ್ದೆಯಿಂದ ಬಂದದ್ದು, ಅಲ್ಲಿ ಯಾರಿಗೋ ನಷ್ಟ ಆಗುತ್ತಿರಬಹುದು ಅಂತ ನನಗೆ ಹೊಳೆದಿರಲಿಲ್ಲ. ನಮ್ಮ ಹಿಂದಿನ ಗದ್ದೆಯವರು ಬೆಳಿಗ್ಗೆ ಇದೇ ದಾರಿಯಲ್ಲಿ ಹೋಗುತ್ತಾರೆ, ನಾಳೆ ಅವರಿಗೆ ಹೇಳುತ್ತೇನೆ.

ಮೂರನೆಯದರ ಬಗ್ಗೆ ಈಗ ಹೆದರಿಕೆ ಜಾಸ್ತಿ ಆಯಿತು. ನಿನ್ನೆ ರಾತ್ರಿ ಮಗಳ ಹಾಸಿಗೆ ಮೇಲೆ ಒಂದಿತ್ತು. ಅದು ಏನು?

ರಾಯಚೂರು ಸಿಸ್ಟರ್

ತಂಗಿ, ಗಾಬರಿ ಬೇಡ, ಆದರೆ ಎಚ್ಚರ ಬೇಕು. ನಾನು ನರ್ಸ್. ಈ ದಿನಗಳಲ್ಲಿ ಆ ಹುಳದ ಗಾಯ ತೋರಿಸಲು ಬರುವವರು ಇದ್ದೇ ಇರುತ್ತಾರೆ. ಜನ ಇದನ್ನು ಆಸಿಡ್ ಹುಳ ಅನ್ನುತ್ತಾರೆ. ವಿಜ್ಞಾನದಲ್ಲಿ ಪೆಡೆರಸ್. ಅದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಅದರ ಮೈಯೊಳಗಿನ ರಸದಲ್ಲಿ ಪೆಡೆರಿನ್ ಅನ್ನುವ ವಿಷ ಇದೆ. ನಿದ್ದೆಯಲ್ಲಿ ಕತ್ತಿನ ಮೇಲೆ ಹರಿದಾಗ ಪಟ್ ಅಂತ ಹೊಡೆದರೆ ಆ ರಸ ಚರ್ಮಕ್ಕೆ ಹತ್ತುತ್ತದೆ.

ಆಗಲೇ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಬಿಟ್ಟು ಉರಿ, ಕೆಂಪು, ಸಣ್ಣ ಗುಳ್ಳೆ. ಹೊಸಕಿದ ದಾರಿಯಲ್ಲೇ ಗೆರೆ ಎಳೆದ ಹಾಗೆ ಬರುತ್ತದೆ. ಮೊಣಕೈ ಮಡಚುವ ಕಡೆ ಹತ್ತಿದರೆ ಎರಡೂ ಬದಿಗೆ ಅಚ್ಚು ಬೀಳುತ್ತದೆ. ಎಷ್ಟೋ ಜನ ಇದನ್ನು ಸರ್ಪಸುತ್ತು ಅಂದುಕೊಂಡು ಕಾವಿ ಹಚ್ಚಿಕೊಂಡು ಬರುತ್ತಾರೆ. ಹಾಗೆ ಮಾಡಬೇಡಿ.

ಮೈಮೇಲೆ ಕಂಡರೆ ಊದಿ ಹಾರಿಸಿ, ಇಲ್ಲವೇ ಒಂದು ಕಾಗದಕ್ಕೆ ಹತ್ತಿಸಿಕೊಂಡು ಕೆಳಗೆ ಹಾಕಿ. ತಪ್ಪಿ ಹೊಸಕಿದರೆ ತಕ್ಷಣ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಆ ಕೈಯಿಂದ ಕಣ್ಣು ಮುಟ್ಟಬಾರದು, ಕಣ್ಣಿಗೆ ಹತ್ತಿದರೆ ರೆಪ್ಪೆ ಬಹಳ ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ, ಕಪ್ಪು ಕಲೆ ಸ್ವಲ್ಪ ದಿನ ಉಳಿಯುತ್ತದೆ. ಕಣ್ಣಿನ ಹತ್ತಿರ ಆದರೆ, ಅಥವಾ ಮಗುವಿಗೆ ಆದರೆ, ಕಾಯದೆ ವೈದ್ಯರ ಹತ್ತಿರ ಹೋಗಿ.

ಮಗುವನ್ನು ಸೊಳ್ಳೆ ಪರದೆಯೊಳಗೆ ಮಲಗಿಸಿ, ಪರದೆಯ ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ. ಮಲಗುವ ಮೊದಲು ಹೊದಿಕೆ, ದಿಂಬು ಕೊಡವಿ. ಹೊರಗೆ ಒಣಗಿಸಿದ ಬಟ್ಟೆಯನ್ನು ಕತ್ತಲಾಗುವ ಮೊದಲೇ ಒಳಗೆ ತನ್ನಿ, ಮಗುವಿಗೆ ಹಾಕುವ ಮೊದಲು ಒದರಿ. ಮಲಗುವ ಕೋಣೆಯಲ್ಲಿ ಸಂಜೆಯಿಂದಲೇ ದೀಪ ಹಾಕಬೇಡಿ. ಇಷ್ಟು ಮಾಡಿದರೆ ಸಾಕು.

ನಿವೃತ್ತ ಕೃಷಿ ಸಹಾಯಕ

ಸಿಸ್ಟರ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ ತಾಯಿ. ಆ ಕಿತ್ತಳೆ ಹುಳ ಗದ್ದೆಯಲ್ಲಿ ರೈತನ ಕಡೆಯದ್ದು. ಜಿಗಿಹುಳ ಹಿಡಿದು ತಿನ್ನುತ್ತದೆ. ಮನೆಗೆ ಬಂದಾಗ ಮಾತ್ರ ತೊಂದರೆ.

ಮೇಲೆ ಬರೆದ ರೈತರು ಎಣ್ಣೆಯ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಇದು ನಮ್ಮ ಊರಿನದ್ದು ಮಾತ್ರ ಅಲ್ಲ. 1973-74ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಇದೇ ಕಂದು ಜಿಗಿಹುಳ ಬೆಳೆ ಹಾಳು ಮಾಡಿತ್ತು. ಇಂಡೋನೇಷ್ಯಾದಲ್ಲಿ ಸರ್ಕಾರವೇ ಸಬ್ಸಿಡಿ ಕೊಟ್ಟು ಎಣ್ಣೆ ಹೊಡೆಸಿತು, ಹುಳ ಇನ್ನೂ ಹೆಚ್ಚಿತು. ಕೊನೆಗೆ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ಅಲ್ಲಿ ನಿಷೇಧ ಮಾಡಿದರು. ಈ ಸಂಗತಿಯನ್ನು ನಾನು ಕೆಲಸದಲ್ಲಿದ್ದಾಗ ಹಳ್ಳಿ ಹಳ್ಳಿಯಲ್ಲಿ ಹೇಳಿದ್ದೇನೆ. ಕೇಳಿದವರು ಕೇಳಿದರು. ನಮ್ಮ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿದರೂ ಬುಡ ನೋಡಿ ಆಮೇಲೆ ಹೊಡೆಯಿರಿ ಅಂತಲೇ ಹೇಳುತ್ತಾರೆ.

ಬಂಡಿಯವರ ಉಪಾಯ ಚೆನ್ನಾಗಿದೆ. ಹುಳಕ್ಕೆ ಹೆಚ್ಚು ಕಾಣುವುದು ನೀಲಿ ಮತ್ತು ನೇರಳೆಯಾಚೆಯ ಬೆಳಕು, ಹಳದಿಯಲ್ಲಿ ಅದು ಕಡಿಮೆ. ಇವು ಬೆಳಕಿಗೆ ಆಸೆಪಟ್ಟು ಬರುತ್ತವೆ ಅಂತ ಎಲ್ಲರೂ ತಿಳಿದಿದ್ದಾರೆ, ಅದು ಹಾಗಲ್ಲ. ಹಾರುವ ಹುಳ ಬೆನ್ನನ್ನು ಬೆಳಕಿನ ಕಡೆ ಇಟ್ಟುಕೊಂಡು ಮೇಲೆ ಕೆಳಗೆ ತಿಳಿಯುತ್ತದೆ. ರಾತ್ರಿಯೂ ನೆಲಕ್ಕಿಂತ ಆಕಾಶವೇ ಬೆಳಕು, ಅಲ್ವಾ? ಪಕ್ಕದಲ್ಲಿ ಬಲ್ಬ್ ಬಂದರೆ ಬೆನ್ನು ಅತ್ತ ವಾಲುತ್ತದೆ, ದಾರಿ ಬಾಗುತ್ತದೆ, ಅಲ್ಲೇ ಸುತ್ತುತ್ತಾ ಸಿಕ್ಕಿಕೊಳ್ಳುತ್ತದೆ. ವೇಗದ ಕ್ಯಾಮೆರಾ ಇಟ್ಟು ಚಿತ್ರ ತೆಗೆದು ಇದನ್ನು ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು.

ಇನ್ನು ಕೆಲವರು ದೀಪದ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬುಟ್ಟಿ ಇಡಿ ಅನ್ನುತ್ತಾರೆ. ಮಗು ಇರುವ ಮನೆಯಲ್ಲಿ ಸೀಮೆಎಣ್ಣೆ ಬೇಡವೇ ಬೇಡ. ಹೊರಗಿನ ಬಲ್ಬ್ ಕೆಳಗೆ ಅಗಲ ಪಾತ್ರೆಯಲ್ಲಿ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರು ಇಟ್ಟರೆ ಬೇಕಾದಷ್ಟಾಯಿತು. ಆ ಬಲ್ಬನ್ನೂ ಒಂಬತ್ತರ ಮೇಲೆ ಆರಿಸಿ. ರಾತ್ರಿಯಿಡೀ ಉರಿಸಿದರೆ ಜಿಗಿಹುಳ ತಿನ್ನುವ ಒಳ್ಳೆಯ ತಿಗಣೆಗಳೂ ಬಂದು ಬೀಳುತ್ತವೆ.

ಕಾಲುವೆ ಕೊನೆಯ ಗದ್ದೆ

ಸರ್, ದೀಪದ ಬಲೆ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಹುಳ ಬಂದಿದೆಯೋ ಇಲ್ಲವೋ ತಿಳಿಯಲು ದೀಪ ಒಳ್ಳೆಯದು. ಒಬ್ಬರ ಗದ್ದೆಯಲ್ಲಿ ಒಂದು ದೀಪ ಇಟ್ಟು ಹುಳ ಕಡಿಮೆ ಮಾಡುತ್ತೇನೆ ಅಂದರೆ ಸುತ್ತಲಿನ ಗದ್ದೆಯವೂ ಅಲ್ಲಿಗೇ ಬರುತ್ತವೆ. ಅಕ್ಕ, ನಿಮ್ಮ ಹೊರಗಿನ ಬಲ್ಬ್ ಗದ್ದೆಯ ಬದಿಗೆ ಬೇಡ, ರಸ್ತೆಯ ಬದಿಗೆ ಹಾಕಿ.

ನಿವೃತ್ತ ಕೃಷಿ ಸಹಾಯಕ

ಒಪ್ಪಿದೆ. ನೋಡಲು ದೀಪ, ಕೊಲ್ಲಲು ಅಲ್ಲ.

ಸಾಗರದ ಕಡೆಯವಳು

ಮಾಲೀಕರ ಜೊತೆ ಮಾತಾಡಿದೆ. ಡಬ್ಬಿ ತರಿಸಿದರು, ಹಳದಿ ಗುರುತು ಇತ್ತು. ಮೊಮ್ಮಕ್ಕಳಿರುವ ಮನುಷ್ಯ, ಅರ್ಥ ಮಾಡಿಕೊಂಡರು. ಆಳಿಗೆ ಫೋನ್ ಮಾಡಿ ಬೇಡ ಅಂದರು. ಬದಲಿಗೆ ಕಿಟಕಿಗೆ ಮೆಶ್ ಹಾಕಿಸಲು ಅರ್ಧ ದುಡ್ಡು ಕೊಡುತ್ತಾರಂತೆ. ಬಾಗಿಲ ಸಂದಿಗೆ ಹಳೆ ಸೀರೆ ಸುರುಳಿ ಮಾಡಿ ಇಟ್ಟಿದ್ದೇನೆ. ಹಾಲ್‌ಗೆ ಹಳದಿ ಬಲ್ಬ್ ಹಾಕಿದೆವು. ನಿನ್ನೆ ದೀಪದ ಕೆಳಗೇ ಕೂತು ಊಟ ಮಾಡಿದೆವು, ಪೂರ್ತಿ ನಿಂತಿಲ್ಲ, ಆದರೆ ತಟ್ಟೆಗೆ ಬೀಳುವಷ್ಟಿಲ್ಲ.

ಹಿಂದಿನ ಗದ್ದೆಯವರಿಗೂ ಹೇಳಿದೆ. ಅವರು ಆಗಲೇ ಬುಡ ನೋಡಿದ್ದರಂತೆ. ಅವರದ್ದರಲ್ಲಿ ಕಡಿಮೆ ಇದೆ, ಕಾಲುವೆ ಆಚೆ ಜಾಸ್ತಿ ಅಂದರು.

ಇನ್ನೊಂದೇ ಪ್ರಶ್ನೆ. ಮೆಶ್ ಈಗಲೇ ಹಾಕಿಸುವುದಾ, ಅಥವಾ ಮುಂದಿನ ವರ್ಷ ನೋಡೋಣವಾ? ಕೊಯ್ಲಾದ ಮೇಲೆ ಹೇಗೂ ನಿಲ್ಲುತ್ತವೆ ಅಂದಿರಲ್ಲ.

ಕಾಲುವೆ ಕೊನೆಯ ಗದ್ದೆ

ಈಗಲೇ ಹಾಕಿಸಿಬಿಡಿ ಅಕ್ಕ. ಡ್ಯಾಮ್‌ನಿಂದ ಎರಡನೇ ಬೆಳೆಗೆ ನೀರು ಬಿಟ್ಟರೆ ಮಾರ್ಚ್, ಏಪ್ರಿಲ್‌ನಲ್ಲಿ ಮತ್ತೆ ಬರುತ್ತವೆ. ಮೆಶ್ ಕೊಳ್ಳುವಾಗ ಕಣ್ಣು ಸಣ್ಣದಿರುವುದನ್ನೇ ಕೇಳಿ. ಸೊಳ್ಳೆಗೆ ಹಾಕುವ ದೊಡ್ಡ ಕಣ್ಣಿನದಾದರೆ ಜಿಗಿಹುಳ ನುಸುಳಿಕೊಂಡು ಬರುತ್ತವೆ.